ಲಿನಕ್ಸ್ ಕರ್ನಲ್ ಮಾಡ್ಯೂಲ್‌ಗಳ ಸುರಕ್ಷಿತ ತೆಗೆಯುವಿಕೆ

ಕರ್ನಲ್ ಮಾಡ್ಯೂಲ್ ಎಂಬುದು ಚಾಲನೆಯಲ್ಲಿರುವ ಲಿನಕ್ಸ್ ಕರ್ನಲ್‌ಗೆ, ಗಣಕವನ್ನು ಮರುಪ್ರಾರಂಭಿಸದೆಯೇ, ಸೇರಿಸಬಹುದಾದ ಮತ್ತು ಹೊರತೆಗೆಯಬಹುದಾದ ತಂತ್ರಾಂಶದ ಭಾಗವಾಗಿದೆ. ಸಾಧನಗಳ ಡ್ರೈವರ್‌ಗಳು, ಕಡತ ವ್ಯವಸ್ಥೆಗಳು ಮತ್ತು ನೆಟ್‌ವರ್ಕ್ ಪ್ರೋಟೋಕಾಲ್‌ಗಳು ಸಾಮಾನ್ಯವಾಗಿ ಈ ರೂಪದಲ್ಲಿರುತ್ತವೆ. ಮಾಡ್ಯೂಲನ್ನು ಸೇರಿಸುವುದಕ್ಕಿಂತ ತೆಗೆಯುವುದು ಕಠಿಣ. ಮಾಡ್ಯೂಲಿನ ಕೋಡ್ ಮೆಮೊರಿಯಿಂದ ಹೋದ ಬಳಿಕ ಯಾವುದೇ ಪ್ರೊಸೆಸರ್ ಅದೇ ವಿಳಾಸಕ್ಕೆ ಮರಳಿದರೆ ಅಲ್ಲಿ ಕಾರ್ಯಗತಗೊಳಿಸಲು ಏನೂ ಉಳಿದಿರುವುದಿಲ್ಲ. ಇಂತಹ ದೋಷ ಸಾಮಾನ್ಯ ಅಪ್ಲಿಕೇಶನ್‌ನಲ್ಲಿ ಸಂಭವಿಸಿದರೆ ಅದೊಂದೇ ನಿಲ್ಲುತ್ತದೆ. ಕರ್ನಲ್‌ನಲ್ಲಿ ಸಂಭವಿಸಿದರೆ ಇಡೀ ವ್ಯವಸ್ಥೆಯೇ ಸ್ಥಗಿತಗೊಳ್ಳಬಹುದು.

ಬಳಕೆಯ ಎಣಿಕೆ

ಪ್ರತಿಯೊಂದು ಮಾಡ್ಯೂಲ್‌ಗೂ ಕರ್ನಲ್ ಒಂದು ಬಳಕೆಯ ಎಣಿಕೆಯನ್ನು ಇಟ್ಟಿರುತ್ತದೆ. ಮಾಡ್ಯೂಲ್ ಒದಗಿಸುವ ಸಾಧನವನ್ನು ತೆರೆದಾಗ ಅಥವಾ ಕಡತ ವ್ಯವಸ್ಥೆಯನ್ನು ಮೌಂಟ್ ಮಾಡಿದಾಗ ಎಣಿಕೆ ಹೆಚ್ಚುತ್ತದೆ. ಆ ಬಳಕೆ ಮುಗಿದಾಗ ತಗ್ಗುತ್ತದೆ. ಇದನ್ನು 'ಎಲ್‌ಎಸ್‌ಮಾಡ್' ಆದೇಶದಿಂದ ನೋಡಬಹುದು. ಎಣಿಕೆ ಸೊನ್ನೆಯಾಗಿರದಿದ್ದರೆ 'ಆರ್‌ಎಂಮಾಡ್' ಆದೇಶವು ಮಾಡ್ಯೂಲ್ ಬಳಕೆಯಲ್ಲಿದೆ ಎಂದು ತಿಳಿಸಿ ವಿಫಲವಾಗುತ್ತದೆ.

ಹಳೆಯ ಆವೃತ್ತಿಗಳಲ್ಲಿ ಅನೇಕ ಮಾಡ್ಯೂಲ್‌ಗಳು ತಮ್ಮ ಎಣಿಕೆಯನ್ನು ತಮ್ಮದೇ ಕೋಡ್‌ನೊಳಗೆ ಹೆಚ್ಚಿಸಿಕೊಳ್ಳುತ್ತಿದ್ದವು. ಪ್ರೊಸೆಸರ್ ಮಾಡ್ಯೂಲನ್ನು ಪ್ರವೇಶಿಸಿದ ಕ್ಷಣಕ್ಕೂ ಎಣಿಕೆ ಹೆಚ್ಚುವ ಕ್ಷಣಕ್ಕೂ ನಡುವೆ ಅದನ್ನು ತೆಗೆದುಹಾಕುವ ಅಪಾಯ ಇದರಲ್ಲಿತ್ತು. ಡಿಸೆಂಬರ್ 2003ರಲ್ಲಿ ಬಿಡುಗಡೆಯಾದ 2.6 ಆವೃತ್ತಿಗಾಗಿ ರಸ್ಟಿ ರಸೆಲ್ ಅವರು ಮಾಡ್ಯೂಲ್ ವ್ಯವಸ್ಥೆಯನ್ನು ಮರುರಚಿಸಿದರು. ಈ ವ್ಯವಸ್ಥೆಯಲ್ಲಿ ಕರೆಯುವವರೇ ಮಾಡ್ಯೂಲನ್ನು ಪ್ರವೇಶಿಸುವ ಮುನ್ನ 'ಟ್ರೈ ಮಾಡ್ಯೂಲ್ ಗೆಟ್' ಫಂಕ್ಷನ್‌ನಿಂದ ಅನುಮತಿ ಪಡೆಯಬೇಕು. ತೆಗೆಯುವಿಕೆ ಆರಂಭವಾಗಿದ್ದರೆ ಈ ಕೋರಿಕೆ ವಿಫಲವಾಗುತ್ತದೆ. ಮಾಡ್ಯೂಲ್ ತನ್ನನ್ನು ತಾನೇ ಒಳಗಿನಿಂದ ರಕ್ಷಿಸಿಕೊಳ್ಳಲಾರದು ಎಂಬುದೇ ಈ ವಿನ್ಯಾಸದ ತಿರುಳು.

ನಿರ್ಗಮನ ಫಂಕ್ಷನ್‌ನ ಹೊಣೆ

ಎಣಿಕೆ ಸೊನ್ನೆಯಾದ ಮಾತ್ರಕ್ಕೆ ಮಾಡ್ಯೂಲ್ ನಿಷ್ಕ್ರಿಯವಾಗಿದೆ ಎಂದರ್ಥವಲ್ಲ. ಟೈಮರ್‌ಗಳು, ಇಂಟರಪ್ಟ್‌ಗಳು ಮತ್ತು ಮುಂದೂಡಿದ ಕೆಲಸಗಳು ತಾವಾಗಿ ಎಣಿಕೆಯನ್ನು ಹೆಚ್ಚಿಸುವುದಿಲ್ಲ. ಆದ್ದರಿಂದ ನಿರ್ಗಮನ ಫಂಕ್ಷನ್ ಸಾಮಾನ್ಯವಾಗಿ ಈ ಕ್ರಮವನ್ನು ಪಾಲಿಸುತ್ತದೆ:

1. ನೋಂದಣಿಯನ್ನು ರದ್ದುಪಡಿಸಿ ಹೊಸ ಬಳಕೆಯನ್ನು ತಡೆಯುವುದು.
2. ಇಂಟರಪ್ಟ್, ಟೈಮರ್ ಮತ್ತು ಥ್ರೆಡ್‌ಗಳನ್ನು ನಿಲ್ಲಿಸಿ, ಚಾಲನೆಯಲ್ಲಿರುವವು ಮುಗಿಯುವವರೆಗೆ ಕಾಯುವುದು.
3. ಕೊನೆಯಲ್ಲಿ ಮೆಮೊರಿಯನ್ನು ಬಿಡುಗಡೆ ಮಾಡುವುದು.

ಎರಡನೆಯ ಹಂತದಲ್ಲಿ ತಪ್ಪುಗಳು ಸುಲಭವಾಗಿ ನುಸುಳುತ್ತವೆ. ಟೈಮರ್ ಒಂದು ಕೆಲಸವನ್ನು ಸರದಿಗೆ ಸೇರಿಸಿ, ಆ ಕೆಲಸವು ಮತ್ತೆ ಟೈಮರನ್ನು ಹೂಡುವಂತಿದ್ದರೆ, ಒಂದನ್ನು ರದ್ದುಪಡಿಸಿದರೂ ಇನ್ನೊಂದು ಅದನ್ನು ಎಬ್ಬಿಸಬಲ್ಲದು. ಈ ಸಮಸ್ಯೆಗಾಗಿ, 2023ರಲ್ಲಿ ಬಿಡುಗಡೆಯಾದ 6.2 ಆವೃತ್ತಿಯಲ್ಲಿ, ಟೈಮರನ್ನು ಮತ್ತೆ ಹೂಡಲಾಗದಂತೆ ಮುಚ್ಚುವ ಫಂಕ್ಷನ್‌ಗಳನ್ನು ಸೇರಿಸಲಾಯಿತು. ಹಾಗೆಯೇ, 'ಆರ್‌ಸಿಯು' ವಿಧಾನದಲ್ಲಿ ಮಾಡ್ಯೂಲಿನ ಫಂಕ್ಷನ್‌ಗೆ ಕರೆ ಬಾಕಿಯಿದ್ದರೆ, ಹೊಸ ಕರೆಗಳನ್ನು ನಿಲ್ಲಿಸಿದ ಬಳಿಕ 'ಆರ್‌ಸಿಯು ಬ್ಯಾರಿಯರ್' ಮೂಲಕ ಅವೆಲ್ಲವೂ ಮುಗಿಯುವವರೆಗೆ ಕಾಯಬೇಕು.

ಬಲವಂತದ ತೆಗೆಯುವಿಕೆ

ಆರಂಭಿಕ ಫಂಕ್ಷನ್ ಇದ್ದು ನಿರ್ಗಮನ ಫಂಕ್ಷನ್ ಇಲ್ಲದ ಮಾಡ್ಯೂಲನ್ನು ಸಾಮಾನ್ಯ ವಿಧಾನದಲ್ಲಿ ತೆಗೆಯಲಾಗದು. ಕರ್ನಲನ್ನು ಕಂಪೈಲ್ ಮಾಡುವಾಗ ವಿಶೇಷ ಆಯ್ಕೆಯನ್ನು ಸಕ್ರಿಯಗೊಳಿಸಿದ್ದರೆ ಮಾತ್ರ ಬಲವಂತದ ತೆಗೆಯುವಿಕೆ ಸಾಧ್ಯ. ಹಾಗೆ ಮಾಡಿದಾಗ ಕರ್ನಲ್ ತನ್ನನ್ನು 'ಕಳಂಕಿತ' ಎಂದು ಗುರುತಿಸಿಕೊಳ್ಳುತ್ತದೆ. ಅನಂತರ ಉಂಟಾಗುವ ದೋಷದ ಮೂಲವನ್ನು ನಿರ್ಧರಿಸುವುದು ಕಷ್ಟವಾದ್ದರಿಂದ, ಬಳಕೆಯಲ್ಲಿ ಸಿಲುಕಿಕೊಂಡ ಮಾಡ್ಯೂಲನ್ನು ಬಲವಂತವಾಗಿ ತೆಗೆಯುವುದಕ್ಕಿಂತ ಗಣಕವನ್ನು ಮರುಪ್ರಾರಂಭಿಸುವುದು ಸುರಕ್ಷಿತ.