ಆಲ್ಬುಮಿನ್ ಬಾಟಲಿಯಿಂದ ಶಕ್ತಿ ಬರುತ್ತದೆಯೇ?

ದೊಡ್ಡ ಆಸ್ಪತ್ರೆಯ ವಾರ್ಡಿನ ಹೊರಗೆ ಸ್ವಲ್ಪ ಹೊತ್ತು ಕುಳಿತರೆ 'ಆಲ್ಬುಮಿನ್' ಎಂಬ ಹೆಸರು ಕಿವಿಗೆ ಬಿದ್ದೇ ಬೀಳುತ್ತದೆ. "ಅಪ್ಪನಿಗೆ ಆಲ್ಬುಮಿನ್ ಕಡಿಮೆಯಾಗಿದೆಯಂತೆ, ಬಾಟಲಿ ತರಬೇಕಂತೆ" ಎಂದು ಚೀಟಿ ಹಿಡಿದು ಔಷಧಿ ಅಂಗಡಿಗೆ ಓಡುವವರನ್ನು ನೀವೂ ನೋಡಿರಬಹುದು. ನೂರು ಮಿಲಿಲೀಟರಿನ ಒಂದು ಪುಟ್ಟ ಬಾಟಲಿಗೆ ಕೆಲವು ಸಾವಿರ ರೂಪಾಯಿ. ಇಷ್ಟು ಬೆಲೆ ಇದ್ದ ಮೇಲೆ ಅದರಲ್ಲಿ ಭಾರಿ ಶಕ್ತಿ ಇರಲೇಬೇಕು ಎಂಬುದು ಮನೆಯವರ ಲೆಕ್ಕ. ಊಟ ಸೇರದ ರೋಗಿಗೆ ಅದೇ ಊಟ ಎಂದೂ ಅನೇಕರು ತಿಳಿದಿದ್ದಾರೆ. ಈ ಲೆಕ್ಕ ಎಷ್ಟು ಸರಿ ಎಂದು ನೋಡೋಣ.

ನಮ್ಮ ರಕ್ತದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ತಿಳಿಹಳದಿ ಬಣ್ಣದ ದ್ರವ. ಇದೇ ಪ್ಲಾಸ್ಮಾ. ಪ್ರತಿ ನೂರು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಸುಮಾರು ಏಳು ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು, ಕರಗಿರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಲ್ಬುಮಿನ್‌ನದು. ಉಳಿದದ್ದು ರೋಗಗಳೊಡನೆ ಹೋರಾಡುವ ಗ್ಲಾಬ್ಯುಲಿನ್‌ಗಳು, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಮುಂತಾದವು. ಆಲ್ಬುಮಿನ್ ತಯಾರಾಗುವುದು ಯಕೃತ್ತಿನಲ್ಲಿ. ಆರೋಗ್ಯವಂತರ ಯಕೃತ್ತು ದಿನಕ್ಕೆ 10ರಿಂದ 15 ಗ್ರಾಂನಷ್ಟು ಆಲ್ಬುಮಿನ್ ತಯಾರಿಸುತ್ತದೆ. ರಕ್ತದ ನೀರು ನಾಳಗಳಿಂದ ಹೊರಗೆ ಜಿನುಗಿಹೋಗದಂತೆ ಹಿಡಿದಿಡುವುದು, ಕೊಬ್ಬಿನಾಮ್ಲ, ಬಿಲಿರುಬಿನ್ ಮತ್ತು ಹಲವು ಔಷಧಿಗಳನ್ನು ಹೊತ್ತು ಸಾಗಿಸುವುದು ಇದರ ಕೆಲಸ.

ಹಾಗಾದರೆ ಪ್ಲಾಸ್ಮಾ ಪ್ರೋಟೀನಿನಲ್ಲಿ ಪೋಷಣೆ ಇಲ್ಲವೇ? ಇಲ್ಲವೇ ಇಲ್ಲ ಎಂದರೆ ತಪ್ಪಾದೀತು. ಅಮೆರಿಕದ ರಾಚೆಸ್ಟರ್‌ನಲ್ಲಿ ಜಾರ್ಜ್ ವಿಪಲ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ರಕ್ತಹೀನತೆಯ ಕುರಿತ ಸಂಶೋಧನೆಗಾಗಿ 1934ರ ನೊಬೆಲ್ ಬಹುಮಾನ ಹಂಚಿಕೊಂಡವರು ಇವರೇ. ಆಹಾರದಲ್ಲಿ ಪ್ರೋಟೀನು ಕೊಡದೆ, ರಕ್ತನಾಳದ ಮೂಲಕ ಪ್ಲಾಸ್ಮಾ ಮಾತ್ರ ಕೊಟ್ಟಾಗಲೂ ನಾಯಿಯ ದೇಹ ಅದನ್ನು ಬಳಸಿಕೊಂಡು ಸಾರಜನಕದ ಜಮಾಖರ್ಚನ್ನು ಸರಿದೂಗಿಸಿಕೊಂಡದ್ದು ಅವರ ತಂಡಕ್ಕೆ ಕಂಡುಬಂತು. ಅಂದರೆ ಸಿದ್ಧಾಂತದ ಮಟ್ಟಿಗೆ ಪ್ಲಾಸ್ಮಾ ಪ್ರೋಟೀನು ಆಹಾರವೂ ಆಗಬಲ್ಲದು.

ಆದರೆ ಸಿದ್ಧಾಂತ ಬೇರೆ, ವಾರ್ಡಿನ ಮಂಚದ ಮೇಲೆ ಮಲಗಿರುವ ರೋಗಿ ಬೇರೆ. ನೂರು ಮಿಲಿಲೀಟರಿನ, ಶೇಕಡಾ 20ರ ಬಾಟಲಿಯಲ್ಲಿ ಇರುವುದು 20 ಗ್ರಾಂ ಪ್ರೋಟೀನು. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನಿದೆ. ಹಾಗಾಗಿ ತೂಕದ ಲೆಕ್ಕದಲ್ಲಿ ಬಾಟಲಿ ಮೂರು ಮೊಟ್ಟೆಗೆ ಸಮ, ಬೇಕಾದರೆ ಅರ್ಧ ಲೋಟ ಹಾಲನ್ನೂ ಸೇರಿಸಿಕೊಳ್ಳಿ. ಪೋಷಣೆಯ ಲೆಕ್ಕದಲ್ಲಿ ಅಷ್ಟೂ ಇಲ್ಲ. ತಿಂದ ಮೊಟ್ಟೆ ಕೆಲವು ಗಂಟೆಗಳಲ್ಲಿ ಜೀರ್ಣವಾಗಿ ಅಮೈನೋ ಆಮ್ಲಗಳಾಗಿ ದೇಹಕ್ಕೆ ಸಿಗುತ್ತದೆ. ನಾಳಕ್ಕೆ ಕೊಟ್ಟ ಆಲ್ಬುಮಿನ್ ಹಾಗಲ್ಲ, ಅದು ಆಲ್ಬುಮಿನ್ ಆಗಿಯೇ ಓಡಾಡಿಕೊಂಡಿರುತ್ತದೆ. ಅದರಲ್ಲಿ ಅರ್ಧ ಭಾಗ ಒಡೆಯುವುದಕ್ಕೇ ಸುಮಾರು 19-20 ದಿನ ಬೇಕು. ಈ ಪ್ರಕಾರ ಒಂದು ಬಾಟಲಿಯಿಂದ ಮೊದಲ ದಿನ ದೇಹಕ್ಕೆ ಆಹಾರವಾಗಿ ದೊರೆಯುವುದು ಒಂದು ಗ್ರಾಂಗಿಂತ ಕಡಿಮೆ! 50 ಕಿಲೋ ತೂಕದ ಯಕೃತ್ತಿನ ರೋಗಿಗೆ ದಿನಕ್ಕೆ ಬೇಕಾದದ್ದು 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು.

ಗುಣಮಟ್ಟದಲ್ಲೂ ಇದು ಒಳ್ಳೆಯ ಆಹಾರವಲ್ಲ. ಆಲ್ಬುಮಿನ್ ಸರಪಳಿಯಲ್ಲಿ 585 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಟ್ರಿಪ್ಟೋಫ್ಯಾನ್ ಎಂಬ ಅತ್ಯಗತ್ಯ ಅಮೈನೋ ಆಮ್ಲ ಇರುವುದು ಒಂದೇ ಒಂದು.

(ಮೊಟ್ಟೆಯ ಬಿಳಿಭಾಗದಲ್ಲಿ 'ಆಲ್ಬುಮಿನ್' ಇದೆಯೆಂದು ಕೇಳಿ, ಅದು ನೇರವಾಗಿ ರಕ್ತಕ್ಕೆ ಸೇರುತ್ತದೆ ಎಂದು ನಂಬುವವರೂ ಇದ್ದಾರೆ. ಹೆಸರು ಒಂದೇ, ವಸ್ತು ಬೇರೆ. ಹೊಟ್ಟೆಗೆ ಹೋದ ಮೇಲೆ ಬೇಳೆಯಂತೆ ಅದೂ ಜೀರ್ಣವಾಗಬೇಕಾದದ್ದೇ. ಇನ್ನು ಶಕ್ತಿಗೆಂದು ಹಾಕಿಸಿಕೊಳ್ಳುವ ಶೇಕಡಾ 5ರ ಅರ್ಧ ಲೀಟರ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ.)

ಆಲ್ಬುಮಿನ್ ಕಡಿಮೆಯಾಗಿದೆ ಎಂದ ಕೂಡಲೇ ರೋಗಿ ಸರಿಯಾಗಿ ಉಂಡಿಲ್ಲ ಎಂದು ತೀರ್ಮಾನಿಸುವುದು ಇನ್ನೊಂದು ತಪ್ಪು. ಹಿಂದೆ ವೈದ್ಯರೂ ಹಾಗೆಯೇ ಭಾವಿಸಿದ್ದರು. ಉಪವಾಸದಿಂದ ಮೂಳೆ ಚಕ್ಕಳವಾದವರಲ್ಲೂ ಆಲ್ಬುಮಿನ್ ಬಹುಕಾಲ ಸರಿಯಾಗಿಯೇ ಇರಬಹುದು. ಅದೇ ಚೆನ್ನಾಗಿ ಉಣ್ಣುತ್ತಿದ್ದ ಮನುಷ್ಯನಿಗೆ ನ್ಯುಮೋನಿಯಾ ಬಂದರೆ ಕೆಲವೇ ದಿನಗಳಲ್ಲಿ ಅದು ಇಳಿಯುತ್ತದೆ. ಸೋಂಕು, ಉರಿಯೂತ, ಸುಟ್ಟಗಾಯ, ದೊಡ್ಡ ಶಸ್ತ್ರಚಿಕಿತ್ಸೆ ಇವೆಲ್ಲ ಆಲ್ಬುಮಿನ್ ಇಳಿಸುತ್ತವೆ. ಯಕೃತ್ತು ಕೆಟ್ಟರೆ ತಯಾರಿಕೆಯೇ ಕುಂಠಿತವಾಗುತ್ತದೆ. ಮೂತ್ರಪಿಂಡ ಕೆಟ್ಟರೆ ಮೂತ್ರದಲ್ಲಿ ಸೋರಿಹೋಗುತ್ತದೆ. ಸೋರುವ ತೊಟ್ಟಿಗೆ ಕೊಡದಲ್ಲಿ ನೀರು ಸುರಿದರೆ ಎಷ್ಟು ಹೊತ್ತು ನಿಂತೀತು? ರಿಪೋರ್ಟಿನಲ್ಲಿ ಅಂಕಿ ಇಳಿದಿದ್ದರೆ ಕೇಳಬೇಕಾದ ಪ್ರಶ್ನೆ "ಎಷ್ಟು ಬಾಟಲಿ ಬೇಕು" ಎಂಬುದಲ್ಲ, "ಯಾಕೆ ಇಳಿಯಿತು" ಎಂಬುದು.

ಆಲ್ಬುಮಿನ್ ಚಿಕಿತ್ಸೆಯೇ ದಂಡ ಎಂದು ಯಾರೂ ತಿಳಿಯಬಾರದು. ಎಡ್ವಿನ್ ಕೋನ್ ಎಂಬ ಹಾರ್ವರ್ಡ್ ವಿಜ್ಞಾನಿ ಪ್ಲಾಸ್ಮಾದಿಂದ ಅದನ್ನು ಬೇರ್ಪಡಿಸುವ ವಿಧಾನ ರೂಪಿಸಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ದಾಳಿಯ ಗಾಯಾಳುಗಳಿಗೆ ಅದನ್ನು ಬಳಸಲಾಯಿತು. ಇಂದಿಗೂ ಕೆಲವು ಸಂದರ್ಭಗಳಲ್ಲಿ ಅದು ಜೀವ ಉಳಿಸುತ್ತದೆ. ಜಲೋದರದ ರೋಗಿಯ ಹೊಟ್ಟೆಯಿಂದ ಒಮ್ಮೆಗೆ ಐದು ಲೀಟರಿಗಿಂತ ಹೆಚ್ಚು ನೀರು ತೆಗೆದಾಗ, ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ ಕೊಡುವುದು ರೂಢಿ. ಆ ನೀರಿಗೆ ಸೋಂಕು ತಗುಲಿದಾಗ, ಯಕೃತ್ತಿನ ರೋಗದಿಂದ ಮೂತ್ರಪಿಂಡ ಕೈಕೊಡುವಾಗಲೂ ಅದು ಬೇಕು. ಅಂಥ ಹೊತ್ತಿನಲ್ಲಿ ವೈದ್ಯರು ಬರೆದುಕೊಟ್ಟರೆ ಹಿಂದೆಮುಂದೆ ನೋಡಬೇಡಿ. ಅಲ್ಲಿ ಅದು ಔಷಧ.

ಬರೀ ಅಂಕಿ ಏರಿಸಲು ಕೊಡುವುದರಿಂದ ಏನಾಗುತ್ತದೆ? ಬ್ರಿಟನ್ನಿನಲ್ಲಿ ಯಕೃತ್ತಿನ ತೀವ್ರ ಕಾಯಿಲೆಯಿಂದ ಆಸ್ಪತ್ರೆ ಸೇರಿದ 777 ರೋಗಿಗಳ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ದಿನವೂ ಆಲ್ಬುಮಿನ್ ಕೊಟ್ಟು ಮಟ್ಟ ಏರಿಸಿದರು, ಇನ್ನೊಂದು ಗುಂಪಿಗೆ ಸಾಮಾನ್ಯ ಚಿಕಿತ್ಸೆ. ಸೋಂಕು, ಮೂತ್ರಪಿಂಡದ ತೊಂದರೆ, ಸಾವು ಇವು ಯಾವುದೂ ಮೊದಲ ಗುಂಪಿನಲ್ಲಿ ಕಡಿಮೆಯಾಗಲಿಲ್ಲ. ಬದಲಿಗೆ ಶ್ವಾಸಕೋಶದಲ್ಲಿ ನೀರು ತುಂಬುವಂಥ ತೊಂದರೆ ಆ ಗುಂಪಿನಲ್ಲೇ ಹೆಚ್ಚಾಗಿ ಕಂಡಿತು.

ನನ್ನ ಬಳಿ ಬರುತ್ತಿದ್ದ ರೈತರೊಬ್ಬರದು ಇಂಥದ್ದೇ ಕಥೆ. ಮದ್ಯದಿಂದ ಯಕೃತ್ತು ಕೆಟ್ಟಿತ್ತು. ಮಗ ಸಾಲ ಮಾಡಿ ಎಲ್ಲಿಂದಲೋ ನಾಲ್ಕು ಬಾಟಲಿ ಹಾಕಿಸಿಕೊಂಡು ಬಂದಿದ್ದ. "ಇನ್ನೂ ಎರಡು ಹಾಕಿಸಿಬಿಡಿ ಡಾಕ್ಟ್ರೇ, ಕೈಕಾಲಿಗೆ ಬಲ ಬರ್ಲಿ" ಎಂಬುದು ಅವನ ಕೋರಿಕೆ. ಊಟಕ್ಕೆ ಏನು ಕೊಡುತ್ತಿದ್ದೀರಿ ಎಂದರೆ, ಕಾಮಾಲೆಯಲ್ಲವೇ ಎಂದು ಎರಡು ತಿಂಗಳಿಂದ ಗಂಜಿ ಮತ್ತು ಎಳನೀರು ಮಾತ್ರ! ಬೇಳೆ ಇಲ್ಲ, ಮೊಟ್ಟೆ ಇಲ್ಲ, ಮೊಸರೂ ಇಲ್ಲ. ತೋಳಿನ ಮಾಂಸವೆಲ್ಲ ಕರಗಿಹೋಗಿತ್ತು. ಒಂದು ಕೈಯಿಂದ ಸಾವಿರಾರು ರೂಪಾಯಿಯ ಪ್ರೋಟೀನು, ಇನ್ನೊಂದು ಕೈಯಿಂದ ತಟ್ಟೆಯ ಪ್ರೋಟೀನಿಗೆ ಕತ್ತರಿ.

ಯಕೃತ್ತಿನ ರೋಗಿಗೆ ಪ್ರೋಟೀನು ನಿಲ್ಲಿಸುವ ಪಥ್ಯವನ್ನು ವೈದ್ಯಶಾಸ್ತ್ರ ಈಗ ಕೈಬಿಟ್ಟಿದೆ. ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಕೊಡಬೇಕು ಎಂಬುದು ಇಂದಿನ ಸಲಹೆ. ತೊವ್ವೆ, ಮೊಳಕೆ ಹೆಸರುಕಾಳು, ಹುರಳಿಕಟ್ಟು, ಮೊಸರು, ಹುರಿಗಡಲೆ, ತಿನ್ನುವವರಿಗೆ ಮೊಟ್ಟೆ ಮತ್ತು ಮೀನು ಎಲ್ಲವೂ ಆಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯುವುದರಿಂದ ಐದಾರು ಸಲ ಸ್ವಲ್ಪಸ್ವಲ್ಪ ಕೊಡಿ, ಉಪ್ಪು ಮಿತವಾಗಿರಲಿ. ಮಲಗುವ ಮುನ್ನ ಹಾಲು ಬೆರೆಸಿದ ಒಂದು ಲೋಟ ರಾಗಿ ಗಂಜಿ ಬಹಳ ಉಪಯುಕ್ತ. ಕೆಟ್ಟ ಯಕೃತ್ತಿನಲ್ಲಿ ರಾತ್ರಿಗೆ ಬೇಕಾದ ಸಕ್ಕರೆಯ ದಾಸ್ತಾನು ಇರುವುದಿಲ್ಲ. ಬರಿಹೊಟ್ಟೆಯಲ್ಲಿ ಬೆಳಗು ಮಾಡಿದರೆ ದೇಹ ತನ್ನ ಸ್ನಾಯುವನ್ನೇ ಕರಗಿಸತೊಡಗುತ್ತದೆ. ಮದ್ಯ ಬಿಡದೆ ಇದ್ಯಾವುದೂ ಫಲಿಸುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮೂತ್ರಪಿಂಡದಿಂದ ಆಲ್ಬುಮಿನ್ ಸೋರುವವರಿಗೆ ಮಾತ್ರ ಈ ಸಲಹೆ ಹೊಂದುವುದಿಲ್ಲ. ಅವರಿಗೆ ಅತಿಯಾದ ಪ್ರೋಟೀನು ಕೊಟ್ಟರೆ ಸೋರಿಕೆಯೇ ಹೆಚ್ಚಬಹುದು. ಎಷ್ಟು ಕೊಡಬೇಕೆಂದು ಅವರವರ ವೈದ್ಯರನ್ನೇ ಕೇಳಬೇಕು. ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ಬೇಗ ಆರದ ನೊರೆ ಕಂಡರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಅದಕ್ಕೆ ಹೆಚ್ಚು ಖರ್ಚಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ.