ಶಾಸನದ ಬದುಕು, ಶರಣರ ಚರಿತ್ರೆ: ಎಂ. ಚಿದಾನಂದಮೂರ್ತಿಯವರ ಸಂಶೋಧನೆಯ ದಾರಿ

ಕೃಷ್ಣಾ-ತುಂಗಭದ್ರೆಗಳ ನಡುವಣ ಎಡೆದೊರೆ ನಾಡು ಅರಸುಮನೆತನಗಳ ಕಾದಾಟದ ಭೂಮಿಯೆಂದೇ ಚರಿತ್ರೆಯ ಗ್ರಂಥಗಳಲ್ಲಿ ಚಿತ್ರಿತವಾಗಿದೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನ, ಮುದಗಲ್ಲಿನ ಕೋಟೆ ಇವುಗಳ ಬಗೆಗೆ ಸಾಕಷ್ಟು ಬರವಣಿಗೆ ನಡೆದಿದೆ. ಆದರೆ ತುಂಗಭದ್ರೆಯ ದಡದ ದಢೇಸುಗೂರಿನಂತಹ ಊರುಗಳ ಒಕ್ಕಲಿಗನಾಗಲಿ, ತುರುಕಾಯುವವನಾಗಲಿ, ಊಳಿಗದ ಆಳಾಗಲಿ ಏನನ್ನು ನಂಬಿ ಬಾಳಿದ, ಯಾರಿಗಾಗಿ ಸತ್ತ ಎಂಬ ಪ್ರಶ್ನೆ ಬಹುಕಾಲ ಹಿಂದೆಯೇ ಉಳಿಯಿತು. ಆ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೇಳುವ ವಿಧಾನವನ್ನು ಕನ್ನಡದಲ್ಲಿ ರೂಪಿಸಿದವರಲ್ಲಿ ಡಾ. ಎಂ. ಚಿದಾನಂದಮೂರ್ತಿ (1931-2020) ಅಗ್ರಗಣ್ಯರು.

ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನವರಾದ ಅವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. 1966ರಲ್ಲಿ ಪ್ರಕಟವಾದ ಅವರ ಮಹಾಪ್ರಬಂಧ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಆಧರಿಸಿದೆ. ಅದಕ್ಕೆ ಮುಂಚೆ ಶಾಸನವೆಂದರೆ ಬಹುಮಟ್ಟಿಗೆ ವಂಶಾವಳಿ, ತೇದಿ, ದತ್ತಿ. ಚಿದಾನಂದಮೂರ್ತಿಯವರು ಅದೇ ಕಲ್ಲುಗಳಲ್ಲಿ ಜನರ ಧರ್ಮ, ವಿದ್ಯೆ, ವೀರ, ಬಲಿದಾನಗಳನ್ನು ಓದಿದರು. ಒಡೆಯನ ಜೋಳವುಂಡ ಋಣಕ್ಕೆ ಪ್ರಾಣ ತೆರುವ ಜೋಳವಾಳಿ, ಒಡೆಯನ ಸಾವಿನೊಡನೆ ತಾನೂ ಸಾಯುವ ವೇಳೆವಾಳಿ, ಹೊಯ್ಸಳರ ಕಾಲದ ಗರುಡರು ಇಂತಹ ಸಂಗತಿಗಳು ಬಿಡಿ ಕುತೂಹಲಗಳಾಗಿ ಉಳಿಯದೆ ಒಂದು ಮೌಲ್ಯವ್ಯವಸ್ಥೆಯ ಭಾಗಗಳಾಗಿ ಕಾಣತೊಡಗಿದುದು ಈ ಬಗೆಯ ಓದಿನಿಂದ. (ಜೋಳವನ್ನೇ ಉಣ್ಣುವ ಸೀಮೆಯಲ್ಲಿ 'ಜೋಳವಾಳಿ'ಯ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ, ಅನ್ನದ ಋಣವೆಂಬ ಮಾತು ಇಂದಿಗೂ ಜೀವಂತವಾಗಿದೆ.)

ಇಂತಹ ಓದಿಗೆ ಎಂತಹ ಆಕರ ಒದಗುತ್ತದೆಂಬುದಕ್ಕೆ ಎರಡು ಕಲ್ಲುಗಳನ್ನು ನೋಡಬಹುದು. ಹತ್ತನೆಯ ಶತಮಾನದ ಆತಕೂರು ಶಾಸನ ತಕ್ಕೋಲದ ಯುದ್ಧದ ದಾಖಲೆಯೆಂದು ಪ್ರಸಿದ್ಧ. ಆದರೆ ಅದೇ ಕಲ್ಲು, ಮೆಚ್ಚಿದ ಬೂತುಗನಿಂದ ವೀರ ಮಣಲೆರನು ಬೇಡಿ ಪಡೆದ ಕಾಳಿ ಎಂಬ ನಾಯಿಯನ್ನೂ, ಅದು ಹಂದಿಯೊಡನೆ ಹೋರಾಡಿ ಸತ್ತುದನ್ನೂ ಹೇಳುತ್ತದೆ. 1057ರ ಬೆಳತೂರು ಶಾಸನದ ದೇಕಬ್ಬೆ ಗಂಡ ಏಚನ ಮರಣದ ಸುದ್ದಿ ಕೇಳಿ, ಹೆತ್ತವರು ತಡೆದರೂ ಕೊಂಡ ಹೊಕ್ಕವಳು. ಅದನ್ನು ಪತಿಭಕ್ತಿಯ ಸ್ತುತಿಯೆಂದಷ್ಟೇ ಓದಿದರೆ ತಡೆದವರ ಮಾತು ಕಿವಿಗೆ ಬೀಳುವುದಿಲ್ಲ.

ಕವಿ-ಶರಣರ ಜೀವನಚರಿತ್ರೆಯ ಸಮಸ್ಯೆ ಇನ್ನೂ ತೊಡಕಿನದು. ಬಸವಣ್ಣನವರ ಬಗೆಗೆ ಹರಿಹರನ ರಗಳೆಯಿದೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವಿದೆ, 1369ರ ಭೀಮಕವಿಯ ಕನ್ನಡ ಬಸವಪುರಾಣವಿದೆ. ಇವೆಲ್ಲವೂ ಭಕ್ತರ ಬರವಣಿಗೆ. ಪವಾಡವೂ ಘಟನೆಯೂ ಒಂದೇ ನೂಲಿನಲ್ಲಿ ನೆಯ್ದುಕೊಂಡಿವೆ. 1260ರ ಅರ್ಜುನವಾಡ ಶಾಸನ ಬಾಗೆವಾಡಿಯನ್ನೂ ಮಾದಿರಾಜನನ್ನೂ ಹೆಸರಿಸುವುದರಿಂದ ಚರಿತ್ರೆಕಾರನಿಗೆ ಒಂದು ಊರೆಗೋಲು ದೊರೆಯಿತು. ಶಾಸನ, ಕಾವ್ಯ, ವಚನಗಳನ್ನು ಒಂದರ ಪಕ್ಕ ಒಂದಿರಿಸಿ ತೂಗುವುದು ಚಿದಾನಂದಮೂರ್ತಿಯವರ ಕ್ರಮ. ಶೂನ್ಯಸಂಪಾದನೆಗಳ ಅಧ್ಯಯನವಾಗಲಿ, 'ಮಧ್ಯಕಾಲೀನ ಕನ್ನಡ ಸಾಹಿತ್ಯ ಮತ್ತು ಅಸ್ಪೃಶ್ಯತೆ'ಯಾಗಲಿ ಇದೇ ಕ್ರಮದ ವಿಸ್ತರಣೆ. 'ಹೊಸತು ಹೊಸತು' ಕೃತಿಗೆ 1997ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಹಂಪಿಯ ಸ್ಮಾರಕಗಳ ರಕ್ಷಣೆ, ಕನ್ನಡ ಶಕ್ತಿ ಕೇಂದ್ರ, 2008ರಲ್ಲಿ ದೊರೆತ ಶಾಸ್ತ್ರೀಯ ಭಾಷೆಯ ಸ್ಥಾನ ಇವುಗಳಿಗಾಗಿ ಅವರು ನಡೆಸಿದ ಹೋರಾಟ ಸರ್ವವಿದಿತ. ಲಿಂಗಾಯತವು ಪ್ರತ್ಯೇಕ ಧರ್ಮವೆಂಬ ವಾದವನ್ನು ಅವರು ವಿರೋಧಿಸಿದರು. ಅದೇ ಆಕರಗಳನ್ನು ಜೀವನವಿಡೀ ಓದಿದ ಎಂ.ಎಂ. ಕಲಬುರ್ಗಿಯವರು ಬೇರೊಂದು ನಿಲುವು ತಳೆದರು. ಇಲ್ಲಿ ಭಿನ್ನಾಭಿಪ್ರಾಯ ಆಕರಗಳದಲ್ಲ, ಆಕರಗಳಿಗೆ ಕೇಳಿದ ಪ್ರಶ್ನೆಗಳದು. ಕೊನೆಯ ದಶಕಗಳ ವಿವಾದಗಳಿಂದ 1966ರ ಕೃತಿಯನ್ನು ಅಳೆಯುವುದು ನ್ಯಾಯವಲ್ಲ. ಆ ಕೃತಿಯ ಕೀರ್ತಿಯಿಂದ ಆ ವಿವಾದಗಳನ್ನು ಮರೆಸುವುದೂ ಸಲ್ಲದು.

ಜಾನಪದದ ದೃಷ್ಟಿಯಿಂದ ಒಂದು ಮಾತು ಉಳಿಯುತ್ತದೆ. ಕಲ್ಲಿಗೂ ಓಲೆಗರಿಗೂ ದೊರೆತ ಆಕರದ ಗೌರವ ಬಾಯ್ಮಾತಿನ ಪರಂಪರೆಗೆ ಅಷ್ಟಾಗಿ ದೊರೆತಿಲ್ಲ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಕಲ್ಯಾಣವಿದೆ, ಬಸವಣ್ಣನಿದ್ದಾನೆ, ಅವನನ್ನು ಪರೀಕ್ಷೆಗೆ ಒಡ್ಡುವ ಗುರುವಿದ್ದಾನೆ. ಇದು ಹನ್ನೆರಡನೆಯ ಶತಮಾನದ ಪುರಾವೆಯಲ್ಲ. ಆದರೆ ಕಲ್ಯಾಣವನ್ನು ಕೆಳಸ್ತರದ ಜನ ಹೇಗೆ ನೆನೆದರೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಅಪರೂಪ. ಎಡೆದೊರೆಯ ಊರೂರಿನ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಅಳತೆ ಮಾಡಿ ಪಡಿಯಚ್ಚು ತೆಗೆಯುವುದರ ಜೊತೆಗೆ, ಅವುಗಳಿಗೆ ಎಣ್ಣೆ ಎರೆಯುವವರು ಯಾರು, ಯಾವ ಹೆಸರಿನಿಂದ, ಯಾವ ಕಥೆ ಹೇಳಿ ಎಂಬುದನ್ನೂ ಅದೇ ಟಿಪ್ಪಣಿಯಲ್ಲಿ ಬರೆದಿಡಬೇಕಾಗಿದೆ.