ಸೋಗೆಯ ಮನೆ ಮತ್ತು ಮುರಿಯಾಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಒಂಟಿ ಗೃಹಸ್ಥನ ನಿಟ್ಟುಸಿರು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಸೀಮೆಯಲ್ಲಿ ಹಿಂದೆ ಈ ಎರಡನ್ನೂ ಯಾರೂ ಒಬ್ಬರೇ ಮಾಡುತ್ತಿರಲಿಲ್ಲ. ಪರಿಸರಕ್ಕೆ ಒಗ್ಗುವ, ಬಡವರ ಹಿತ ನೋಡುವ, ಹಲವರು ಕೂಡಿ ರೂಪಿಸುವ ಕಟ್ಟಡಗಳ ಮಾತನ್ನು ಇಂದಿನ ವಾಸ್ತುಶಿಲ್ಪಿಗಳು ಆಡುವಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಆ ಸೀಮೆಯ ಸೋಗೆಯ ಮನೆ.

ಗೋಡೆಯ ಮಣ್ಣು ಅಂಗಳದ ಪಕ್ಕದ್ದೇ. ನೆನೆಸಿ, ತುಳಿದು, ಹದಮಾಡಿ ಏರಿಸಿದ್ದು. ಮಾಡಿಗೆ ಅಡಿಕೆ ಮರವನ್ನು ಸೀಳಿದ ದಬ್ಬೆ. ಅದರ ಮೇಲೆ ತೋಟದಲ್ಲಿ ಉದುರಿದ ಸೋಗೆ. ನಾಲ್ಕು ತಿಂಗಳ ಜಡಿಮಳೆಗೆ ಗೋಡೆ ಕರಗದಂತೆ ಮಾಡು ತಗ್ಗಿ ಬಾಗಿರುತ್ತದೆ. ಇರಿಚಲು ಹೊಡೆಯುವ ಕಡೆಗೆ ಸೋಗೆಯ ತಟ್ಟಿ. ವರ್ಷ ಕಳೆದ ಸೋಗೆ ಗೊಬ್ಬರದ ಗುಂಡಿಗೆ ಹೋಗಿ ತೋಟವನ್ನೇ ಮತ್ತೆ ಸೇರುತ್ತದೆ. ಮನೆಯು ತೋಟದಿಂದ ಪಡೆದ ಸಾಲವನ್ನು ತೋಟಕ್ಕೇ ತೀರಿಸುತ್ತದೆ.

ಆದರೆ ಪ್ರತಿ ಬೇಸಿಗೆಯಲ್ಲೂ ಹೊಸ ಹೊದಿಕೆ ಬೇಕು. ಅದನ್ನು ದೋಷವೆನ್ನುವುದಾದರೆ, ಆ ದೋಷವೇ ಊರನ್ನು ಕೂಡಿಸುತ್ತಿತ್ತು. ಇಂದು ನಿಮ್ಮ ಮನೆ, ನಾಳೆ ನಮ್ಮ ಮನೆ; ಇದೇ ಮುರಿಯಾಳು. ಬೇರೆಡೆ ಇದನ್ನು ಮುಯ್ಯಾಳು ಎನ್ನುವರು. ಮುಯ್ಯಿ ಎಂದರೆ ಮರಳಿ ಸಲ್ಲಿಸತಕ್ಕದ್ದು. ಅಲ್ಲಿ ಹಣದ ಲೆಕ್ಕವಿಲ್ಲ, ದಿನದ ಲೆಕ್ಕ ಮಾತ್ರ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕಾಲಕ್ರಮದಲ್ಲಿ ಹೆಂಚು ಘಟ್ಟ ಹತ್ತಿತು. ಬೆಂಕಿಯ ಭಯ ತಗ್ಗಿತು, ನೆರೆಯವನನ್ನು ಕರೆಯುವ ಅಗತ್ಯವೂ ತಗ್ಗಿತು. ಅನಂತರ ಸಿಮೆಂಟು. ಹೆಂಚು ಹೊದಿಸಿದವರನ್ನು ನಾನಂತೂ ದೂರಲಾರೆ.

ಹಳೆಯದನ್ನು ಹೊಗಳುವ ಭರದಲ್ಲಿ ಒಂದನ್ನು ಮರೆಯಬಾರದು. ಮುಯ್ಯಿ ನಡೆಯುವುದು ಸರಿಸಮಾನರಲ್ಲಿ. ತೋಟವಿಲ್ಲದ ಕೂಲಿಯಾಳು ಸೋಗೆಯನ್ನು ಒಡೆಯನಲ್ಲಿ ಬೇಡಬೇಕಿತ್ತು. ಊರಿನ ಮಾಡುಗಳೆಲ್ಲ ಮುಗಿದ ಮೇಲೆ ಅವನ ಗುಡಿಸಲಿನ ಸರದಿ. ಅಷ್ಟರಲ್ಲಿ ಮಳೆ ಬಂದರೂ ಬಂತು! ಇನ್ನು ನೆಲ ಸಾರಿಸಿ ಬೆನ್ನು ಬಾಗಿದ ಹೆಂಗಸರ ದುಡಿಮೆಗೆ ಮರಳಿ ಸಂದ ಮುಯ್ಯಿ ಯಾವುದು?

ಹೊಸ ವಾಸ್ತುಶಿಲ್ಪವನ್ನು ನಾನು ಒರೆಗೆ ಹಚ್ಚುವುದು ಇಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವು, ಮಣ್ಣಿಗೆ ತುಸುವೇ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಯನ್ನು ಬಳಕೆಗೆ ತಂದಿತು. ಅದಕ್ಕೆ ಭಟ್ಟಿ ಬೇಡ. ಆದುದರಿಂದ ಸೌದೆಗಾಗಿ ಕಾಡು ಕಡಿಯಬೇಕಿಲ್ಲ. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿ, ಕೇರಳದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಂಡ ಲಾರಿ ಬೇಕರರು ಬಡವರಿಗಾಗಿಯೇ ಅಗ್ಗದ ಮನೆ ಕಟ್ಟಿದರು. ಗಾರೆಯವರ ನಡುವೆ ನಿಂತು ಕಟ್ಟಿಸಿದ ಅವರು, ನಿವೇಶನದಲ್ಲೇ ನಕ್ಷೆ ತಿದ್ದುತ್ತಿದ್ದರು. ತ್ರಿಶೂರಿನಲ್ಲಿ 1985ರಲ್ಲಿ ಆರಂಭವಾದ ‘ಕಾಸ್ಟ್‌ಫೋರ್ಡ್’ ಸಂಸ್ಥೆಯ ಸ್ಥಾಪಕರಲ್ಲಿ ಅವರೂ ಒಬ್ಬರು.

ಮಲೆನಾಡಿಗೂ ಮಣ್ಣಿನ ಮನೆ ಈಗ ಮರಳಿ ಬರುತ್ತಿದೆ. ನಾನು ಕಂಡವುಗಳಲ್ಲಿ ಹೆಚ್ಚಿನವು ರಜೆಗೆ ಬರುವ ನಗರವಾಸಿಗಳಿಗಾಗಿ. ಚೆಲುವಾಗಿಯೇ ಇವೆ. ಅವುಗಳ ಮಣ್ಣು ತುಳಿದವನು ಮಾತ್ರ ಸಂಜೆ ಮರಳುವುದು ತಗಡಿನ ಮಾಡಿನ ಕೆಳಗೆ.